ಜವಳು ಹೊಲವೂ ಪದವೀಧರ ಮಗನೂ

ನಮ್ಮ ಅಕಿವಾಟದ ಸುತ್ತಿನ ಎರೆಹೊಲಗಳಲ್ಲಿ ಬೇಸಿಗೆಯ ಮುಂಜಾನೆ ಸುಮ್ಮನೆ ಒಂದು ಸುತ್ತು ನಡೆದು ಬಂದವರಿಗೆ, ಹಸುರು ಕಬ್ಬಿನ ನಡುವೆ ಅಲ್ಲಲ್ಲಿ ಯಾರೋ ಒಲೆಯ ಬೂದಿ ಚೆಲ್ಲಿ ಹೋದಂತೆ ಬೆಳ್ಳಗಾದ ನೆಲ ಕಣ್ಣಿಗೆ ಬೀಳುತ್ತದೆ. ಅಲ್ಲಿ ಕಾಲಿಟ್ಟರೆ ಮೇಲಿನ ಪದರು ಹಪ್ಪಳದಂತೆ ಮುರಿಯುತ್ತದೆ, ಅಡಿಯಲ್ಲಿ ಹಸಿ. ನಾಟಿ ಮಾಡಿದ ಬೀಜದ ತುಂಡು ಮೊಳೆಯುವುದಿಲ್ಲ, ಮೊಳೆತರೂ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗಿ ನಿಲ್ಲುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇದೇ ಹೊಲಗಳಲ್ಲಿ ಜೋಳ, ಕಡಲೆ, ತಂಬಾಕು ಬೆಳೆಯುತ್ತಿದ್ದವು. ಹೊಳೆಯ ನೀರು ಪಂಪಿನಿಂದ ಮೇಲೆ ಬಂದಿತು, ಕಬ್ಬು ಬಂದಿತು, ಕಬ್ಬಿನ ಹಿಂದೆ ರೊಕ್ಕವೂ ಬಂದಿತು. ರೊಕ್ಕದ ಹಿಂದೆಯೇ ಈ ಬಿಳಿ ಉಪ್ಪು ಬಂದಿದೆ. ಸವಳು-ಜವಳು ಎಂದು ನಾವು ಕರೆಯುವುದು ಇದನ್ನೇ.

ಇದೇ ಊರಿನಲ್ಲಿ ಸಂಜೆ ನಡೆದು ಬಂದವರಿಗೆ ಇನ್ನೊಂದು ನೋಟವಿದೆ. ಕಟ್ಟೆಯ ಮೇಲೆ ತರುಣರು ಕುಳಿತಿರುತ್ತಾರೆ. ಅವರಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್‌ಸಿ., ಈಚೀಚೆಗೆ ಬಿ.ಇ. ಆದವರೂ ಉಂಟು. ಕೈಯಲ್ಲಿ ಮೊಬೈಲು, ಮನಸ್ಸಿನಲ್ಲಿ ಸ್ಪರ್ಧಾ ಪರೀಕ್ಷೆ. ಅವರಲ್ಲಿ ಹಲವರು ನಮ್ಮ ಕೈಕೆಳಗೆ ಮಗ್ಗಿ ಕಲಿತವರೇ ಆದುದರಿಂದ ನಮ್ಮನ್ನು ಕಂಡೊಡನೆ ಎದ್ದು ನಿಲ್ಲುತ್ತಾರೆ. ಆ ಮರ್ಯಾದೆಯಿಂದ ನಮಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಗುತ್ತದೆ. ಏನು ಮಾಡುತ್ತಿರುವೆಯಪ್ಪಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಭ್ಯಾಸ ನಡೆದಿದೆ ಗುರುಗಳೇ."

ಈ ಎರಡು ನೋಟಗಳನ್ನು ನಾವು ಬೇರೆ ಬೇರೆಯಾಗಿ ನೋಡಿ ಬೇರೆ ಬೇರೆಯಾಗಿ ಮರುಗುತ್ತ ಬಂದಿದ್ದೇವೆ. ಇವನ್ನು ಒಂದೇ ಕಡೆ ಇಟ್ಟು ನೋಡಿರೆಂದು ವಾಚಕರಲ್ಲಿ ಬಿನ್ನವಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯ ಮಾತನ್ನೇ ಹೇಳಿಬಿಡುತ್ತೇವೆ. ನಮ್ಮದು 2 ಎಕರೆ 10 ಗುಂಟೆ ಹೊಲ. ಅದರಲ್ಲಿ ತಗ್ಗಿನ 30 ಗುಂಟೆ ಹತ್ತು-ಹನ್ನೆರಡು ವರ್ಷಗಳ ಹಿಂದೆ ಬೆಳ್ಳಗಾಗತೊಡಗಿತು. ಮೊದಲು ಗೊಬ್ಬರ ಕಡಿಮೆಯಾಯಿತೆಂದು ಗೊಬ್ಬರ ಹೆಚ್ಚಿಸಿದೆವು. ನೀರು ಸಾಲದೆಂದು ನೀರು ಹೆಚ್ಚಿಸಿದೆವು. ರೋಗಿಗೆ ರೋಗವನ್ನೇ ಔಷಧವೆಂದು ಕುಡಿಸಿದಂತಾಯಿತು. ಕೊನೆಗೆ ಬುದ್ಧಿ ಬಂದು, ನೆಲದಡಿಯಲ್ಲಿ ತೂತಿನ ನಳಿಗೆ ಹಾಕಿ ನೀರು ಬಸಿದು ತೆಗೆಯುವ ಉಪಾಯವನ್ನು ಕೇಳಿ, ಸಾಲ ಮಾಡಿ, ನಳಿಗೆ ಹಾಕಿಸಿದೆವು. ಹಾಕಿದವನು ಊರೂರು ತಿರುಗುವ ಗುತ್ತಿಗೆದಾರ. ಅವನಲ್ಲಿ ಯಂತ್ರವಿತ್ತು, ಮಟ್ಟ ನೋಡುವ ದುರ್ಬೀನು ಇರಲಿಲ್ಲ. ನಳಿಗೆಗೆ ಸುತ್ತಬೇಕಾದ ಸೋಸುಬಟ್ಟೆಯನ್ನೂ ಅರ್ಧಕ್ಕೆ ಸುತ್ತಿ ಅರ್ಧಕ್ಕೆ ಬಿಟ್ಟ. ಮೊದಲ ವರ್ಷ ಹಳ್ಳದ ಬಾಯಿಯಲ್ಲಿ ಉಪ್ಪುನೀರು ಧಾರೆಯಾಗಿ ಬಂದುದನ್ನು ಕಂಡು ನಾವು ಹಿಗ್ಗಿದೆವು, ಎರಡನೆಯ ವರ್ಷ ಹನಿಯಾಯಿತು, ಮೂರನೆಯ ವರ್ಷ ನಿಂತೇ ಹೋಯಿತು. ಅಗೆದು ನೋಡಿದರೆ ನಳಿಗೆ ನಡುವಿನಲ್ಲಿ ಹಾವಿನಂತೆ ಏರಿಳಿದಿತ್ತು, ತಗ್ಗಿದ ಕಡೆ ಮೆದು ಮಣ್ಣು ಗಟ್ಟಿಯಾಗಿ ತುಂಬಿತ್ತು. ಎಕರೆಗೆ ಲಕ್ಷದ ಮೇಲೆ ಲೆಕ್ಕ ಹಾಕಿದ ಕೆಲಸ, ಮಾಸ್ತರನ ಸಂಬಳದಲ್ಲಿ ಅದನ್ನು ತೀರಿಸುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಇಲ್ಲಿ ಬರೆಯುವುದು ಬೇಡ. ಮನೆಯಾಕೆ ಇಂದಿಗೂ ಆ ಹೊಲವನ್ನು "ನಿಮ್ಮ ನಳಿಗೆ ಹೊಲ" ಎಂದೇ ಕರೆಯುತ್ತಾಳೆ.

ಹೀಗಿರಲು ಹೋದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದು ಎರಡು ವರ್ಷದಿಂದ ಊರಲ್ಲಿರುವವನು, ಅಗೆದ ಆ ಗುಂಡಿಯ ಮುಂದೆ ನಿಂತು ನೋಡಿ, "ಗುರುಗಳೇ, ಇದು ನಮಗೆ ಒಂದು ಪಾಠವಿತ್ತು" ಎಂದ. ನೂರು ಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರಾದರೂ ಇಳಿಜಾರು ಇರಬೇಕು, ನಳಿಗೆ 1 ಮೀಟರಿಗಿಂತ ಮೇಲೆ ಇರಬಾರದು, ಎರೆಮಣ್ಣಿನಲ್ಲಿ ಸಾಲಿನಿಂದ ಸಾಲಿಗೆ ಎಷ್ಟು ದೂರವಿರಬೇಕೆಂಬುದು ಮಣ್ಣಿನ ಪರೀಕ್ಷೆಯಿಂದ ಗೊತ್ತಾಗುತ್ತದೆ ಎಂದು ಗಿಳಿಯಂತೆ ಒಪ್ಪಿಸಿದ. ಹಾಗಾದರೆ ಎಂದಾದರೂ ಒಂದು ಹೊಲದಲ್ಲಿ ಮಟ್ಟ ತೆಗೆದು ನೋಡಿದ್ದೆಯಾ ಎಂದು ಕೇಳಿದೆವು. ಕಾಲೇಜಿನ ಮೈದಾನದಲ್ಲಿ ಒಂದು ಸಲ ಎಂದ. ಅವನ ತಂದೆಯ ಹೊಲವೂ ಜವಳೇ. ಅವನ ಮನೆಯಿಂದ ಆ ಹೊಲ ಎರಡು ಕೂಗಳತೆ. ಮಗನಿಗೆ ಪಾಠ ಗೊತ್ತು, ತಂದೆಗೆ ರೋಗ ಗೊತ್ತು, ಇಬ್ಬರೂ ಒಂದೇ ತಾಟಿನ ಮುಂದೆ ಕುಳಿತು ಉಣ್ಣುತ್ತಾರೆ, ಆದರೆ ಆ ಪಾಠಕ್ಕೂ ಆ ರೋಗಕ್ಕೂ ಇದುವರೆಗೆ ಭೆಟ್ಟಿಯಾಗಿಲ್ಲ.

ನಾವು ಶಿಕ್ಷಕರ ತರಬೇತಿಯಲ್ಲಿದ್ದಾಗ ನಮಗೆ ಪ್ರಮಾಣಪತ್ರ ಕೊಡುವ ಮೊದಲು ಅಭ್ಯಾಸ ಪಾಠಗಳನ್ನು ಮಾಡಿಸುತ್ತಿದ್ದರು. ಹಳ್ಳಿಯ ನಿಜವಾದ ಸಾಲೆ, ನಿಜವಾದ ಗಲಾಟೆಯ ಹುಡುಗರು, ಹಿಂದಿನ ಸಾಲಿನಲ್ಲಿ ನೋಟ್‌ಬುಕ್ಕು ಹಿಡಿದು ಕುಳಿತ ನಮ್ಮ ಅಧ್ಯಾಪಕರು. ಮೊದಲ ಪಾಠದಲ್ಲಿ ನಮ್ಮ ಕೈ ನಡುಗಿ ಖಡು ಮುರಿದು ಹೋಗಿತ್ತು. ಆ ನಡುಗು ಅಲ್ಲಿಯೇ ಹೋಯಿತು. ಹಾಗೆ ಮಾಡದೆ, ಬರೀ ಬೋಧನಶಾಸ್ತ್ರದ ಪುಸ್ತಕ ಓದಿಸಿ ನಮ್ಮನ್ನು ನಾಲ್ವತ್ತು ಮಕ್ಕಳ ಮುಂದೆ ನೂಕಿದ್ದರೆ ನಾವೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆವೇನೋ. ಒಬ್ಬ ಮಾಸ್ತರನಿಗೆ ಬೇಕಾದ ಅಭ್ಯಾಸ ಪಾಠ ಒಬ್ಬ ಎಂಜಿನಿಯರನಿಗೆ, ಒಬ್ಬ ಕೃಷಿ ಪದವೀಧರನಿಗೆ, ಲೆಕ್ಕ ಬರೆಯಬೇಕಾದ ಒಬ್ಬ ಬಿ.ಕಾಂ. ಹುಡುಗಿಗೆ ಏಕೆ ಬೇಡ?

ಈಗ ಕಾಲೇಜುಗಳಲ್ಲಿ ಉದ್ಯಮಶೀಲತೆಯ ಮಾತು ಬಹಳ ನಡೆದಿದೆ. ಕೇಂದ್ರ ಸರಕಾರ 2016ರ ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಯನ್ನು ಸಾರಿದ ಮೇಲಂತೂ ಕಾಲೇಜಿಗೊಂದು ಫಲಕ ಏರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದ್ಯಾರ್ಥಿಗಳು ಸ್ಥಳೀಯ ಕಾರಖಾನೆ, ವ್ಯಾಪಾರಿ, ಕುಶಲಕರ್ಮಿಗಳ ಬಳಿ ಹೋಗಿ ಕೆಲಸ ಕಲಿಯಬೇಕೆಂದು ಬರೆದಿದೆ. ಬರೆದುದು ಒಳ್ಳೆಯದೇ. ಆದರೆ ನಮ್ಮ ಹುಡುಗರು ತಂದು ತೋರಿಸುವುದು ಏನು? ಎರಡು ದಿನದ ಸ್ಪರ್ಧೆಯ ಪ್ರಮಾಣಪತ್ರ, ಬಣ್ಣದ ಪಟ್ಟಿ ಕೊರಳಲ್ಲಿ ಹಾಕಿಕೊಂಡ ಫೋಟೋ. ಕಲ್ಪನೆಗೆ ಬಹುಮಾನ ಕೊಡುತ್ತಾರಂತೆ. ಕಲ್ಪನೆ ನಮ್ಮ ಹಳ್ಳಿಯಲ್ಲಿ ಎಂದೂ ಕಡಿಮೆ ಇರಲಿಲ್ಲ. ಗಿರಾಕಿ ಕಡಿಮೆ.

ಇಲ್ಲಿಯೇ ನಮ್ಮ ಮುಖ್ಯ ಮಾತು ಬರುತ್ತದೆ. ಪದವೀಧರನು ಉದ್ಯಮಿಯಾಗಬೇಕಾದರೆ ಅವನಿಗೆ ಮೊದಲು ಬೇಕಾದುದು ಸಾಲವಲ್ಲ, ಭಾಷಣವಲ್ಲ, ಮೊದಲನೆಯ ಗಿರಾಕಿ. ಆ ಮೊದಲನೆಯ ಕೆಲಸವನ್ನು ಅವನು ಓದುತ್ತಿರುವಾಗಲೇ, ಅವನ ಗುರುಗಳು ಹಿಂದಿನ ಸಾಲಿನಲ್ಲಿ ಕುಳಿತಿರುವಾಗಲೇ, ಅವನ ಕೈಗೆ ಕೊಡುವವರು ಕಾರಖಾನೆಯವರೂ ಊರಿನವರೂ ಆಗಬೇಕು. ಕಾಲೇಜು, ಕಾರಖಾನೆ, ಊರು ಈ ಮೂರು ಕೂಡದೆ ಇದು ಆಗುವ ಮಾತಲ್ಲ. ಈಗ ಎರಡೇ ಕೂಡಿ ಕರಾರಿಗೆ ಸಹಿ ಮಾಡುತ್ತವೆ, ಮೂರನೆಯದಾದ ಊರಿಗೆ ಸುದ್ದಿಯೂ ಇರುವುದಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಎಲ್ಲವೂ ಬಿದ್ದಿದೆ. ಶಿರೋಳದ ಶ್ರೀ ದತ್ತ ಶೇತಕರಿ ಸಹಕಾರಿ ಸಾಖರ ಕಾರಖಾನೆಯವರು ಗಣಪತರಾವ ಪಾಟೀಲರ ಮುಂದಾಳುತನದಲ್ಲಿ ತಾಲೂಕಿನ ಸವಳು ಹೊಲಗಳಲ್ಲಿ ಭೂಗತ ನಳಿಗೆ ಹಾಕಿಸುವ ಕಾರ್ಯವನ್ನು ಕೈಕೊಂಡು, ಬಿಳಿಯಾಗಿ ಬಿದ್ದಿದ್ದ ನೆಲದಲ್ಲಿ ಮತ್ತೆ ಕಬ್ಬು ನಿಲ್ಲಿಸಿ ತೋರಿಸಿದ್ದಾರೆ. ಒಬ್ಬನ ಹೊಲದ ನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕಾದುದರಿಂದ ಇದು ಒಂಟಿ ರೈತನಿಂದ ಆಗುವ ಕೆಲಸವಲ್ಲ. ನಾವು ಒಂಟಿಯಾಗಿ ಮಾಡಹೋಗಿ ಕೆಟ್ಟುದಕ್ಕೆ ಅದೂ ಒಂದು ಕಾರಣ. ಕಾರಖಾನೆಗೆ ಇದರಲ್ಲಿ ಧರ್ಮವಷ್ಟೇ ಅಲ್ಲ, ಲಾಭವೂ ಉಂಟು: ನೆಲ ಸತ್ತರೆ ಕಬ್ಬಿಲ್ಲ, ಕಬ್ಬಿಲ್ಲದಿದ್ದರೆ ಗಾಣ ತಿರುಗುವುದಿಲ್ಲ. ನಮ್ಮ ನೆರೆಯ ಟಾಕಳಿವಾಡಿಯಲ್ಲಿ ಗುರುದತ್ತ ಸಕ್ಕರೆ ಕಾರಖಾನೆ ಇದೆ. ಹೊಳೆಯ ಆಚೆ ಕರ್ನಾಟಕದಲ್ಲಿ ಉಗಾರದ ಕಾರಖಾನೆ ಇದೆ. ಇವೆಲ್ಲವುಗಳ ಕಬ್ಬಿನ ಸೀಮೆಯಲ್ಲೂ ಇದೇ ಎರೆಮಣ್ಣು, ಇದೇ ಉಪ್ಪು.

ಇನ್ನು ವಿದ್ಯೆಯ ಕಡೆ ನೋಡಿದರೆ, ಕೊಲ್ಹಾಪುರದಲ್ಲಿ 1962ರಿಂದ ಶಿವಾಜಿ ವಿದ್ಯಾಪೀಠವಿದೆ. ಅಲ್ಲಿಯೇ ಕೃಷಿ ಮಹಾವಿದ್ಯಾಲಯವಿದೆ, ಕಬ್ಬು ಮತ್ತು ಬೆಲ್ಲದ ಸಂಶೋಧನ ಕೇಂದ್ರವಿದೆ. ಸಾಂಗಲಿಯ ಹತ್ತಿರ ಕಸಬೆ ಡಿಗ್ರಜದಲ್ಲಿ ಕೃಷಿ ಸಂಶೋಧನ ಕೇಂದ್ರವಿದೆ. ಇಚಲಕರಂಜಿಯಲ್ಲಿ ದತ್ತಾಜೀರಾವ ಕದಮರ ಹೆಸರಿನ ಡಿ.ಕೆ.ಟಿ.ಇ. ಸಂಸ್ಥೆಯು 1982ರಿಂದ ಜವಳಿ ಮತ್ತು ಎಂಜಿನಿಯರಿಂಗ್ ವಿದ್ಯೆಯನ್ನು ಕಲಿಸುತ್ತಿದೆ. (ಜವಳಿ ಎಂದರೆ ಬಟ್ಟೆ, ಜವಳು ಎಂದರೆ ನಮ್ಮ ಹೊಲ. ಅಚ್ಚಿನ ಮೊಳೆ ಜೋಡಿಸುವವರು ಇವೆರಡನ್ನು ಅದಲುಬದಲು ಮಾಡದಿರಲಿ!) ಮಗ್ಗಗಳ ಊರಿನಲ್ಲಿ ಮಗ್ಗದ ವಿದ್ಯೆಯ ಕಾಲೇಜು ಹುಟ್ಟಿದುದು ಬಹಳ ಸರಿಯಾದ ಕೆಲಸ. 1904ರಲ್ಲಿ ವಿಠ್ಠಲರಾವ ದಾತಾರರು ಇಚಲಕರಂಜಿಯ ಜಹಗೀರದಾರರಾದ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅಲ್ಲಿಂದ ಊರು ಬೆಳೆಯಿತು, ಊರಿನಿಂದ ಕಾಲೇಜು ಬೆಳೆಯಿತು.

ಬಟ್ಟೆಗೂ ನಮ್ಮ ಜವಳು ಹೊಲಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಮೇಲೆ ಹೇಳಿದ ಸೋಸುಬಟ್ಟೆಯನ್ನು ನೆನಪಿಗೆ ತಂದುಕೊಳ್ಳಿರಿ. ನಳಿಗೆಯ ತೂತುಗಳಿಗೆ ಮಣ್ಣು ಹೊಗದಂತೆ, ನೀರು ಮಾತ್ರ ಹೊಗುವಂತೆ ಸುತ್ತುವ ಆ ಬಟ್ಟೆಯನ್ನು ಮಗ್ಗದಲ್ಲಿ ನೇಯುವುದಿಲ್ಲ. ಎಳೆಗಳನ್ನು ಹಾಸಿ, ಸೂಜಿಯಿಂದ ಚುಚ್ಚಿಯೋ ಕಾಸಿಯೋ ಕಂಬಳಿಯ ಹಾಗೆ ಹೆಣೆಯುತ್ತಾರೆ. ಇದಕ್ಕೆ ನಾನ್‌ವೋವನ್, ಅಂದರೆ ನೇಯದ ಬಟ್ಟೆ ಎಂದು ಹೆಸರು. ಕೇಂದ್ರ ಸರಕಾರದ ಜವಳಿ ಮಂತ್ರಾಲಯವು ಈ ನೇಯದ ಬಟ್ಟೆಗಾಗಿಯೇ ನೇಮಿಸಿದ ಉತ್ಕೃಷ್ಟತಾ ಕೇಂದ್ರವು ಅದೇ ಡಿ.ಕೆ.ಟಿ.ಇ. ಸಂಸ್ಥೆಯಲ್ಲಿದೆ. ಬಟ್ಟೆಯ ಕಣ್ಣು ಎಷ್ಟು ಸಣ್ಣದಿರಬೇಕು, ನಮ್ಮ ಎರೆಮಣ್ಣಿನ ಮೆದುಹುಡಿಗೆ ಯಾವುದು ತಡೆಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಪರೀಕ್ಷಿಸಬಲ್ಲವರು ಬಸ್ಸಿನ ದಾರಿಯಲ್ಲಿ ಕುಳಿತಿದ್ದಾರೆ. ನಾವು ಅಗೆದು ತೆಗೆದ ನಳಿಗೆಯ ತುಂಡನ್ನು ಯಾರಿಗೂ ತೋರಿಸದೆ ದನದ ಕೊಟ್ಟಿಗೆಯಲ್ಲಿ ಎಸೆದಿದ್ದೆವು. ತಪ್ಪು ನಮ್ಮದೂ ಹೌದು.

ಹಾಗಾದರೆ ಒಂದು ಸೀಮೆಯ ಉದ್ಯಮ ಹೇಗೆ ಮೊಳೆಯುತ್ತದೆ? ಇದಕ್ಕೆ ನಮ್ಮ ಕಡೆಯದೇ ದೊಡ್ಡ ಉದಾಹರಣೆಯಿದೆ, ಅದೂ ಒಬ್ಬ ಮಾಸ್ತರರದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದರು. ಬಡತಿ ಸಿಗದೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, 1903ರ ಸುಮಾರಿಗೆ ಕಬ್ಬಿಣದ ನೇಗಿಲು. ಆ ನೇಗಿಲು ಎರಡು ವರ್ಷ ಮಾರಾಟವಾಗಲಿಲ್ಲವಂತೆ. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಕೂಸು ಹುಟ್ಟಿದ ಕೂಡಲೆ ನಡೆಯಲಿಲ್ಲವೆಂದು ಬಿಟ್ಟುಕೊಟ್ಟಿದ್ದರೆ ಕಿರ್ಲೋಸ್ಕರವಾಡಿ ಇರುತ್ತಿರಲಿಲ್ಲ. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧದ ರಾಜರು ತಮ್ಮ ಸಂಸ್ಥಾನದ ಬರಡು ಮಾಳದಲ್ಲಿ ನೆಲ ಕೊಟ್ಟು ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಾರಖಾನೆ ನಿಂತಿತು. ಮಿರಜಿನಿಂದ ಪುಣೆಯ ಗಾಡಿ ಹಿಡಿದವರು ಆ ಸ್ಟೇಶನ್ನನ್ನು ದಾಟಿಯೇ ಹೋಗಿದ್ದೀರಿ. ವಿದ್ಯಾವಂತ, ರೈತನ ಕೊರತೆ, ಆಶ್ರಯ ಕೊಟ್ಟ ಧನಿ ಈ ಮೂರು ಅಲ್ಲಿ ಕೂಡಿದ್ದವು. ಅಂದಿನ ಔಂಧದ ರಾಜನ ಜಾಗದಲ್ಲಿ ಇಂದು ನಮ್ಮ ಸಹಕಾರಿ ಕಾರಖಾನೆಗಳೂ ಪತಪೇಢಿಗಳೂ ಕುಳಿತಿವೆ ಎಂಬುದಷ್ಟೇ ಭೇದ.

ದೂರದ ಮಾತೊಂದನ್ನೂ ಹೇಳುತ್ತೇವೆ, ಏಕೆಂದರೆ ಆ ಜನವೂ ನಮ್ಮಂತೆ ಗಡಿಯ ಎರಡೂ ಕಡೆ ಹರಡಿದವರು. ಯುರೋಪದಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಗುಡ್ಡಗಳಲ್ಲಿ ಬಾಸ್ಕ್ ಎಂಬ ಜನಾಂಗವಿದೆ, ಅವರದೇ ಬೇರೆ ಭಾಷೆ. ಅಲ್ಲಿಯ ಮೊಂದ್ರಾಗೊನ್ ಎಂಬ ಸಣ್ಣ ಊರಿಗೆ ಬಂದ ಅರಿಜ್ಮೆಂದಿಯಾರಿಯೇತಾ ಎಂಬ ತರುಣ ಪಾದ್ರಿಯು 1943ರಲ್ಲಿ ಒಂದು ತಾಂತ್ರಿಕ ಶಾಲೆ ತೆರೆದ. ಆ ಶಾಲೆಯಿಂದ ಮುಂದೆ ಬಂದ ಐವರು ತರುಣರು 1956ರಲ್ಲಿ ಎಣ್ಣೆಯ ಒಲೆ ಮಾಡುವ ಸಣ್ಣ ಕಾರಖಾನೆಯನ್ನು ಸಹಕಾರಿ ತತ್ತ್ವದ ಮೇಲೆ ಹಾಕಿದರು. 1959ರಲ್ಲಿ ಅವರದೇ ಸಹಕಾರಿ ಬ್ಯಾಂಕು ಆಯಿತು. 1966ರಲ್ಲಿ ವಿದ್ಯಾರ್ಥಿಗಳೇ ಅರ್ಧ ದಿನ ಕಲಿತು ಅರ್ಧ ದಿನ ದುಡಿಯುವ ಕಾರಖಾನೆಯೊಂದು ಶಾಲೆಯ ಮಗ್ಗುಲಲ್ಲೇ ಹುಟ್ಟಿತು. ಇಂದು ಆ ಊರಿನ ಸಹಕಾರಿ ಕೂಟದ ಹೆಸರು ಜಗತ್ತಿಗೆಲ್ಲ ಗೊತ್ತು. ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲವೆಂಬುದನ್ನೂ ಹೇಳಬೇಕು: ಆ ಮೊದಲ ಒಲೆಯ ಕಾರಖಾನೆಯಿಂದಲೇ ಬೆಳೆದ ಫಾಗೋರ್ ಗೃಹಬಳಕೆಯ ಯಂತ್ರಗಳ ಕಂಪನಿಯು 2013ರಲ್ಲಿ ದಿವಾಳಿಯೆದ್ದಿತು. ಕೂಟದ ಉಳಿದ ಸಂಸ್ಥೆಗಳು ಕೆಲಸ ಕಳೆದುಕೊಂಡ ಅನೇಕರನ್ನು ತಮ್ಮಲ್ಲಿ ಸೇರಿಸಿಕೊಂಡವು.

ನಮ್ಮ ಕನ್ನಡ ನಾಡಿನಲ್ಲಿಯೂ ಇಂಥ ಕೂಟ ಇಲ್ಲದಿಲ್ಲ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕು ಕೂಡಿ ರುಡ್‌ಸೆಟ್ ಎಂಬ ಸಂಸ್ಥೆಯನ್ನು ಕಟ್ಟಿ, ನಿರುದ್ಯೋಗಿ ತರುಣರಿಗೆ ಉಚಿತ ಊಟ-ವಸತಿಯೊಡನೆ ಸ್ವಂತ ಉದ್ಯೋಗದ ತರಬೇತಿ ಕೊಡತೊಡಗಿದರು. ಅಲ್ಲಿಯ ವಿಶೇಷವೇನೆಂದರೆ ತರಬೇತಿ ಮುಗಿಯಿತೆಂದು ಕೈ ತೊಳೆದುಕೊಳ್ಳುವುದಿಲ್ಲ, ಮುಂದೆಯೂ ಬೆನ್ನು ಹತ್ತಿ ವಿಚಾರಿಸುತ್ತಾರೆ, ಬ್ಯಾಂಕಿನ ಬಾಗಿಲವರೆಗೂ ಕೈ ಹಿಡಿದು ನಡೆಸುತ್ತಾರೆ. ಇದನ್ನು ಮಾದರಿಯಾಗಿಟ್ಟುಕೊಂಡೇ ಕೇಂದ್ರ ಸರಕಾರವು ಜಿಲ್ಲೆಗೊಂದು ಇಂಥ ಸಂಸ್ಥೆಯನ್ನು ಬ್ಯಾಂಕುಗಳಿಂದ ತೆರೆಸಲು ಮುಂದಾಯಿತು. ಕೃಷಿ ಪದವೀಧರರು ಹಳ್ಳಿಯಲ್ಲಿ ಸಲಹಾ ಕೇಂದ್ರ ತೆರೆಯಲೆಂದು 2002ರಲ್ಲಿ ಅಗ್ರಿ-ಕ್ಲಿನಿಕ್ ಎಂಬ ಯೋಜನೆಯೂ ಬಂದಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಕೆಳಗೆ ಕೃಷಿಯ ಹೊಸ ಉದ್ಯಮಗಳನ್ನು ಸಾಕಲು ಆಯ್ದ ಐದು ಮುಖ್ಯ ಸಂಸ್ಥೆಗಳಲ್ಲಿ ಒಂದು. ಆ ಯೋಜನೆಯಲ್ಲಿ ಕಲ್ಪನೆಯ ಹಂತಕ್ಕೆ 5 ಲಕ್ಷ, ಬೀಜದ ಹಂತಕ್ಕೆ 25 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನು ಇಟ್ಟರು. ಯೋಜನೆಗಳಿಗೆ ಬರವಿಲ್ಲ, ಅರ್ಜಿಯ ಕಾಗದಕ್ಕೂ ಬರವಿಲ್ಲ. ಇವು ನಮ್ಮ ಕಟ್ಟೆಯ ಹುಡುಗನ ಕಿವಿಗೆ ಬೀಳುವುದೇ ಅಪರೂಪ, ಬಿದ್ದರೂ ಅವನ ಕೈಯಲ್ಲಿ ಮಾಡಿ ತೋರಿಸಿದ ಒಂದು ಕೆಲಸವಿರುವುದಿಲ್ಲ. ಬ್ಯಾಂಕಿನವನು ಏನು ಮಾಡಿದ್ದೀ ಎಂದು ಕೇಳಿದರೆ ಪದವಿಯ ಕಾಗದ ಬಿಚ್ಚುತ್ತಾನೆ.

ಆದಕಾರಣ ನಮ್ಮ ಅಲ್ಪಮತಿಗೆ ತೋಚುವುದು ಹೀಗೆ. ಕಾಲೇಜಿನ ಕೊನೆಯ ವರ್ಷದಲ್ಲಿ ಹುಡುಗರು ಒಂದು 'ಪ್ರೊಜೆಕ್ಟು' ಮಾಡಬೇಕಷ್ಟೆ. ಈಗ ಅದನ್ನು ಅಂಗಡಿಯಲ್ಲಿ ರೊಕ್ಕ ಕೊಟ್ಟು ಬರೆಯಿಸಿ, ಬೈಂಡು ಹಾಕಿಸಿ ಕೊಡುವವರೂ ಉಂಟೆಂದು ಹುಡುಗರೇ ನಗುತ್ತ ಹೇಳುತ್ತಾರೆ. ಅದರ ಬದಲು ನಾಲ್ಕು ಹುಡುಗರ ಒಂದು ತಂಡಕ್ಕೆ ಒಂದು ಊರಿನ ಇಪ್ಪತ್ತು ಎಕರೆ ಜವಳು ನೆಲ ಒಪ್ಪಿಸಲಿ. ಸಿವಿಲ್ ಹುಡುಗ ಮಟ್ಟ ತೆಗೆಯಲಿ, ಕೃಷಿಯ ಹುಡುಗಿ ಮಣ್ಣು-ನೀರಿನ ಉಪ್ಪಳೆಯಲಿ, ಜವಳಿ ವಿದ್ಯೆಯವನು ಸೋಸುಬಟ್ಟೆ ಆರಿಸಲಿ, ವಾಣಿಜ್ಯದವಳು ಖರ್ಚು-ಲಾಭದ ಪಟ್ಟಿ ಬರೆಯಲಿ. ಅವರ ಪ್ರಾಧ್ಯಾಪಕರು ಬಾಂದಿನ ಮೇಲೆ ನೋಟ್‌ಬುಕ್ಕು ಹಿಡಿದು ನಿಲ್ಲಲಿ, ನಮ್ಮ ಅಭ್ಯಾಸ ಪಾಠದ ಗುರುಗಳಂತೆ. ನಕಾಶೆ ಸರಿಯಾಗಿದ್ದರೆ ಕಾರಖಾನೆಯವರು ಆ ಇಪ್ಪತ್ತು ಎಕರೆಯ ನಳಿಗೆ ಕೆಲಸವನ್ನು ಪದವಿ ಮುಗಿದೊಡನೆ ಆ ತಂಡಕ್ಕೇ ಗುತ್ತಿಗೆ ಕೊಡಲಿ. ಹಣವನ್ನು ಕಬ್ಬಿನ ಬಿಲ್ಲಿನಿಂದ ಕಂತುಗಳಲ್ಲಿ ಮುರಿದುಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ಮೂರು ವರ್ಷ ನೀರು ಸರಿಯಾಗಿ ಹರಿದರೆ ಉಳಿದ ಹಣ, ಇಲ್ಲದಿದ್ದರೆ ಇಲ್ಲ, ಎಂಬ ಷರತ್ತೂ ಇರಲಿ. ನಮ್ಮ ಗುತ್ತಿಗೆದಾರನೊಡನೆ ನಾವು ಅಂಥದೊಂದು ಷರತ್ತು ಬರೆಯಿಸಿಕೊಂಡಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಊರಿನವರ ಪಾಲೂ ಇದೆ. ಹೊಲ ತೋರಿಸಬೇಕು, ನೆರೆಹೊಲದವನೊಡನೆ ಬಾಂದಿನ ಜಗಳ ಬದಿಗಿಟ್ಟು ನೀರಿಗೆ ದಾರಿ ಬಿಡಬೇಕು, ಹುಡುಗರಿಗೆ ಮಧ್ಯಾಹ್ನದ ರೊಟ್ಟಿ ಹಾಕಬೇಕು. ಎಲ್ಲಕ್ಕೂ ಹೆಚ್ಚಾಗಿ, "ಎಂಜಿನಿಯರ್ ಆಗಿ ಮಣ್ಣು ಅಗೆಯಲಿಕ್ಕೆ ಬಂದೆಯಾ?" ಎಂದು ನಗುವುದನ್ನು ಬಿಡಬೇಕು. ಈ ನಗು ನಮ್ಮ ಹಳ್ಳಿಯಲ್ಲಿ ಎಷ್ಟು ಉದ್ಯಮಗಳನ್ನು ಮೊಳಕೆಯಲ್ಲಿ ಚಿವುಟಿದೆಯೋ ದೇವರೇ ಬಲ್ಲ. ಮದುವೆಯ ಮಾತೂ ಇದರಲ್ಲಿ ಸೇರಿದೆ. ಹೆಣ್ಣು ಕೊಡುವವರು ಮೊದಲು ಕೇಳುವುದು ನೌಕರಿ ಎಲ್ಲಿ ಎಂದು. ಪುಣೆಯಲ್ಲಿ ಹದಿನೈದು ಸಾವಿರದ ನೌಕರಿಯವನಿಗೆ ಹೆಣ್ಣು ಸಿಗುತ್ತದೆ, ಊರಲ್ಲಿ ತಿಂಗಳಿಗೆ ಮೂವತ್ತು ಸಾವಿರ ದುಡಿಯುವ ಟ್ರ್ಯಾಕ್ಟರಿನವನಿಗೆ ಸಿಗುವುದಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿದವರು ಮಾತ್ರ ಕಡಿಮೆ. ನಮ್ಮ ಸಾಲೆಯಲ್ಲಿ ಕಲಿತು ಬಿ.ಎಸ್‌ಸಿ. ಆದ ಒಬ್ಬ ಹುಡುಗಿ, ಊರಲ್ಲೇ ಮಣ್ಣು-ನೀರು ಪರೀಕ್ಷಿಸುವ ಸಣ್ಣ ಕೋಣೆ ಹಾಕಿಕೊಟ್ಟರೆ ತಾನು ನಡೆಸುತ್ತೇನೆ ಎಂದು ನಮ್ಮೆದುರು ಹೇಳಿದ್ದಾಳೆ. ಅವಳ ತಂದೆ ಕೇಳಿಸದವರಂತೆ ಎತ್ತಿನ ಕಡೆ ನಡೆದರು.

ನಮ್ಮ ಮಕ್ಕಳಿಗೆ ಇನ್ನೊಂದು ಬಂಡವಾಳವಿದೆ, ಅದನ್ನು ನಾವೇ ಕೊರತೆಯೆಂದು ತಿಳಿದು ಮುಖ ಕೆಳಗೆ ಹಾಕುತ್ತೇವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲೂ ಕಚೇರಿಯಲ್ಲೂ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು. ಮೂರು ದೋಣಿಯಲ್ಲಿ ಕಾಲಿಟ್ಟು ನಮ್ಮ ಹುಡುಗರು ಸ್ಪರ್ಧಾ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆಂದು ತಂದೆತಾಯಿಗಳು ದೂರುತ್ತಾರೆ. ಪರೀಕ್ಷೆಯ ಮಟ್ಟಿಗೆ ಅದು ನಿಜವೂ ಇದ್ದೀತು. ಆದರೆ ವ್ಯಾಪಾರಕ್ಕೆ? ಶಿರೋಳದ ಕಾರಖಾನೆಯ ಕಚೇರಿಯಲ್ಲಿ ಮರಾಠಿಯಲ್ಲಿ ಕರಾರು ಓದಿ, ಯಂತ್ರದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ, ಸಂಜೆಗೆ ಹೊಳೆ ದಾಟಿ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿಯ ರೈತನ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ "ಕಾಕಾ, ನಿಮ್ಮ ಹೊಲದ ನೀರು ಯಾವ ಕಡೆಗೆ ಜಗ್ಗುತ್ತದೆ?" ಎಂದು ಕೇಳಬಲ್ಲವನು ಪುಣೆಯಲ್ಲಿ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಸಿಗುವುದಿಲ್ಲ. ಉಪ್ಪಿಗೆ ರಾಜ್ಯದ ಗಡಿ ಗೊತ್ತಿಲ್ಲ. ಎರಡೂ ದಂಡೆಯ ಜವಳು ನೆಲ ಅವನ ಮಾರುಕಟ್ಟೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದನ್ನು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಕೂಡಿಯೇ ಕೊಟ್ಟರು. ಚರ್ಮ ಹೊಲಿಯುವವರ ವಿಷಯದಲ್ಲಿ ಎರಡು ಸರಕಾರಗಳು ಕೂಡಬಹುದಾದರೆ ಮಣ್ಣಿನ ವಿಷಯದಲ್ಲಿ ಎರಡು ಕಡೆಯ ಕಾಲೇಜುಗಳು ಏಕೆ ಕೂಡಬಾರದು? ಧಾರವಾಡದ ಕೃಷಿ ಪಂಡಿತರೂ ಕೊಲ್ಹಾಪುರದ ಕೃಷಿ ಪಂಡಿತರೂ ವರ್ಷಕ್ಕೊಮ್ಮೆ ನಮ್ಮಂಥ ಗಡಿಯ ಊರಿನ ಒಂದೇ ಬಾಂದಿನ ಮೇಲೆ ನಿಂತರೆ ಯಾರ ಮರ್ಯಾದೆಗೂ ಕುಂದಿಲ್ಲ.

ಎಲ್ಲ ಪದವೀಧರರೂ ಉದ್ಯಮಿಗಳಾಗಲಿ ಎಂದು ನಾವು ಹೇಳುತ್ತಿಲ್ಲ. ನೌಕರಿ ಹೀನವೆಂದು ಹೇಳಲು ನಮಗೆ ಬಾಯಿಯೂ ಇಲ್ಲ, ನಮ್ಮ ಮನೆಯ ಒಲೆ ಉರಿದುದು ನೌಕರಿಯಿಂದಲೇ. ನಳಿಗೆಯೊಂದೇ ಉದ್ಯಮವೆಂದೂ ಅಲ್ಲ. ಹುಪರಿಯ ಬೆಳ್ಳಿ ಕೆಲಸವಿದೆ, ಬೆಲ್ಲವಿದೆ, ನೆರೆ ಬಂದಾಗ ಕೆಟ್ಟು ನಿಲ್ಲುವ ಪಂಪುಗಳ ದುರಸ್ತಿಯಿದೆ. 2019 ಮತ್ತು 2021ರ ನೆರೆಗಳ ಮೇಲೆ ಎಷ್ಟು ಮೋಟಾರುಗಳು ಹೊರಗಿನ ಮಿಸ್ತ್ರಿಗಳಿಗಾಗಿ ತಿಂಗಳುಗಟ್ಟಲೆ ಕಾದವೆಂಬುದು ಎಲ್ಲರಿಗೂ ನೆನಪಿದೆ. ಆ ಒಂದೊಂದರ ಮೇಲೆಯೂ ಬರೆಯಬಹುದು. ನಾವು ನಮ್ಮ ಕಾಲಿಗೆ ಅಂಟಿದ ಮಣ್ಣಿನ ಮಾತನ್ನು ಬರೆದೆವು.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಹೇಳಬೇಕು. ಹುಡುಗರ ಕೈಯಲ್ಲಿ ನಮ್ಮ ಹೊಲ ಪ್ರಯೋಗಕ್ಕೆ ಕೊಟ್ಟು ಕೆಟ್ಟರೆ ಯಾರು ಜವಾಬ್ದಾರಿ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಪ್ರಾಧ್ಯಾಪಕರ ಸಹಿಯೂ ಕಾರಖಾನೆಯ ಕೃಷಿ ಅಧಿಕಾರಿಯ ಸಹಿಯೂ ನಕಾಶೆಯ ಮೇಲೆ ಬೀಳಬೇಕೆನ್ನುವುದು. ಇನ್ನು, ಈಗ ಆ ಹೊಲದಲ್ಲಿ ಬೆಳೆಯುತ್ತಿರುವುದು ಉಪ್ಪು. ಅದಕ್ಕಿಂತ ಕೆಡುವುದಕ್ಕೆ ಹೆಚ್ಚೇನೂ ಉಳಿದಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಯ ಸಂಗಡ ಮಾತಾಗಿದೆ. ಈ ಹಂಗಾಮಿನ ಕಬ್ಬು ಕಡಿದು ಹೋದ ಮೇಲೆ ನಮ್ಮ 30 ಗುಂಟೆ, ಅವನ ತಂದೆಯ ಒಂದು ಎಕರೆ, ನಡುವಿನ ನೆರೆಯವನ ತುಂಡು, ಈ ಮೂರನ್ನೂ ಒಂದೇ ಹೊಲವೆಂದು ತಿಳಿದು ಮಟ್ಟ ತೆಗೆಯುವುದೆಂದು ಗೊತ್ತಾಗಿದೆ. ನೆರೆಯವನು ಇನ್ನೂ ಪೂರ್ತಿ ಒಪ್ಪಿಲ್ಲ, ನೋಡೋಣ ಎಂದಿದ್ದಾನೆ. ದುರ್ಬೀನನ್ನು ಕುರುಂದವಾಡದಿಂದಲೋ ಇಚಲಕರಂಜಿಯಿಂದಲೋ ಬಾಡಿಗೆಗೆ ತರಬೇಕು. ಕೊಟ್ಟಿಗೆಯಲ್ಲಿ ಬಿದ್ದಿದ್ದ ನಳಿಗೆಯ ತುಂಡನ್ನು, ಮಣ್ಣು ತುಂಬಿದ ಹಾಗೆಯೇ, ಹುಡುಗನು ಚೀಲದಲ್ಲಿ ಕಟ್ಟಿ ತನ್ನ ಕಾಲೇಜಿನ ಹಳೆಯ ಪ್ರಾಧ್ಯಾಪಕರಿಗೆ ತೋರಿಸಲು ಒಯ್ದಿದ್ದಾನೆ. ಇಂಥದೇ ಜವಳು ಇರುವ, ಇಂಥದೇ ಮಗ ಮನೆಯಲ್ಲಿರುವ ಸುತ್ತಿನ ಊರಿನವರು ಯಾರಾದರೂ ಮಟ್ಟ ತೆಗೆಯುವ ದಿನ ಬಂದು ನೋಡಬಹುದು. ರೊಟ್ಟಿ ನಮ್ಮಲ್ಲಿ.